ಏಪ್ರನ್ ಕಳೆದುಕೊಂಡ 'ನ'

ಚಿಕ್ಕವಳಿದ್ದಾಗ ಅಜ್ಜಿ "ಒಂದಾನೊಂದು ಕಾಲದಲ್ಲಿ" ಅಂತ ಕಥೆ ಶುರು ಮಾಡಿದರೆ, ನನ್ನ ಕಿವಿಗೆ ಬೀಳುತ್ತಿದ್ದದ್ದು "ಒಂದಾನೆ, ಒಂದು ಕಾಲು". ಆ ಒಂಟಿಕಾಲಿನ ಆನೆ ಯಾವಾಗ ಬರುತ್ತದೋ ಅಂತ ಕಾದೇ ಕಾದೆ. ರಾಜ ಬಂದ, ರಾಣಿ ಬಂದಳು, ಆನೆ ಬರಲೇ ಇಲ್ಲ.

ಇಂಗ್ಲಿಷರೂ ಹೀಗೇ ಮಾತನ್ನು ತಪ್ಪು ಜಾಗದಲ್ಲಿ ಕತ್ತರಿಸಿಕೊಂಡಿದ್ದಾರೆ. ಆದರೆ ಅವರ ತಪ್ಪು ಡಿಕ್ಷನರಿ ಸೇರಿಬಿಟ್ಟಿದೆ!

ಮೊನ್ನೆ ಮಗಳು ಹೋಮ್‌ವರ್ಕ್‌ನಲ್ಲಿ 'ಎ ಏಪ್ರನ್' ಅಂತ ಬರೆದಿದ್ದಳು. 'ಆ್ಯನ್' ಬರಬೇಕು ಅಂತ ತಿದ್ದಿದೆ. "ಯಾಕೆ?" ಅಂದಳು. ಸರಿ, ಹುಡುಕಿದೆ. ಸುಮಾರು 600 ವರ್ಷದ ಹಿಂದೆ ಆ ಪದ 'ನೇಪ್ರನ್' ಆಗಿತ್ತಂತೆ. 'ಎ ನೇಪ್ರನ್' ಅಂತ ಗಡಿಬಿಡಿಯಲ್ಲಿ ಹೇಳಿ ಹೇಳಿ, 'ನ' ಹಿಂದಕ್ಕೆ ಜಾರಿ 'ಆ್ಯನ್ ಏಪ್ರನ್' ಆಯಿತು. ಅದರ ಮೂಲ ಫ್ರೆಂಚಿನ 'ನಾಪ್', ಅಂದರೆ ಮೇಜಿನ ಮೇಲೆ ಹಾಸುವ ಬಟ್ಟೆ. ಅದೇ ಮನೆಯ ನ್ಯಾಪ್‌ಕಿನ್ ತನ್ನ 'ನ' ಉಳಿಸಿಕೊಂಡಿದೆ ನೋಡಿ.

ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ 'ಮಪ್ಪಾ' ಸಿಗುತ್ತದೆ. ಅದೂ ಬಟ್ಟೆಯೇ. ಹಳೇ ಕಾಲದ ಲೋಕದ ನಕ್ಷೆಗೆ 'ಮಪ್ಪಾ ಮುಂಡಿ' ಅನ್ನುತ್ತಿದ್ದರು, ಲೋಕದ ಬಟ್ಟೆ ಅಂತ. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಸುಮಾರು 1300ರದ್ದು ಒಂದಿದೆ. ಅದನ್ನು ಬರೆದಿರುವುದು ಕರುವಿನ ಚರ್ಮದ ಮೇಲೆ, ಹೆಸರು ಮಾತ್ರ ಬಟ್ಟೆಯದು. 'ಮ್ಯಾಪ್' ಹುಟ್ಟಿದ್ದು ಅಲ್ಲಿಂದ. ಅಂದರೆ ಅರಿಶಿನದ ಕಲೆ ಹೋಗದ ನನ್ನ ಏಪ್ರನ್ನಿಗೂ ಗೋಡೆಯ ಮೇಲಿನ ಇಂಡಿಯಾ ಮ್ಯಾಪಿಗೂ ನೆಂಟಸ್ತನ!

'ನಿಕ್‌ನೇಮ್' ಕಥೆ ಉಲ್ಟಾ. ಅದು 'ಆ್ಯನ್ ಈಕ್‌ನೇಮ್' ಆಗಿತ್ತು. 'ಈಕ್' ಅಂದರೆ ಜಾಸ್ತಿಯದು, ಮೇಲಿನದು. ಇಲ್ಲಿ ಹೆಸರೇ 'ನ' ಕದ್ದಿತು. (ಆರೆಂಜನ್ನೂ ಈ ಪಟ್ಟಿಗೆ ಸೇರಿಸುವವರಿದ್ದಾರೆ. ಆದರೆ ನಮ್ಮ 'ನಾರಂಗ'ದ 'ನ' ಇಂಗ್ಲೆಂಡ್ ಮುಟ್ಟುವ ಮೊದಲೇ ದಾರಿಯಲ್ಲಿ ಬಿದ್ದುಹೋಗಿತ್ತು.)

ನನಗೆ ತುಂಬಾ ಇಷ್ಟವಾದದ್ದು 'ಅಂಪೈರ್'. ಅದೂ ಮೊದಲು 'ನಂಪೈರ್' ಥರದ ಪದವೇ. ಹಳೇ ಫ್ರೆಂಚಿನಲ್ಲಿ ಅದರ ಅರ್ಥ ಜೋಡಿಯಿಲ್ಲದವನು. ಇಬ್ಬರ ಜಗಳಕ್ಕೆ ತೀರ್ಪು ಹೇಳುವ ಮೂರನೆಯವನು, ಅಂದರೆ ಬೆಸ.

ನಮ್ಮ ಬೀದಿಯಲ್ಲಿ ನಾವು ಒಂಬತ್ತು ಮಕ್ಕಳು. ಕ್ರಿಕೆಟ್ಟಿಗೆ ನಾಲ್ಕು-ನಾಲ್ಕು ಹಂಚಿಕೊಂಡರೆ ಉಳಿಯುತ್ತಿದ್ದದ್ದು ನಾನೇ, ಆಟಕ್ಕುಂಟು ಲೆಕ್ಕಕ್ಕಿಲ್ಲ. "ನೀನು ಅಂಪೈರ್ ಆಗೇ" ಅಂತ ಅಣ್ಣ ತೆಂಗಿನ ಮರದ ಕೆಳಗೆ ನಿಲ್ಲಿಸುತ್ತಿದ್ದ. ಆವತ್ತು ಅತ್ತಿದ್ದೆ. ಪಾಪ, ಅವನು ಸರಿಯಾದ ಪದವನ್ನೇ ಹೇಳಿದ್ದ.