13 ವರ್ಷದ ಮೇಲೆ ಮತ್ತೆ ಬಾಣಂತಿ

"ಎರಡನೇದು ಅಲ್ವಾ, ಬೇಗ ಆಗಿಬಿಡುತ್ತೆ ಬಿಡು" ಅಂತ ಎಲ್ಲರೂ ಹೇಳಿದ್ದರು. ನಾನೂ ನಂಬಿದ್ದೆ. ದೊಡ್ಡವಳು ಹುಟ್ಟಿದಾಗ ನನಗೆ 24, ಈಗ 37.

ಡಾಕ್ಟರ್ ಮಾತ್ರ ಮೊದಲ ದಿನವೇ ಬೇರೆ ಹೇಳಿದರು. ಇಷ್ಟು ಅಂತರ ಆದರೆ ಮೈಗೆ ಇದೂ ಚೊಚ್ಚಲಿನ ಹಾಗೇ, ಬಿಪಿ ಏರುವ ಭಯವೂ ಜಾಸ್ತಿ ಅಂತ. ಅದಕ್ಕೇ 12ನೇ ವಾರದಿಂದ ದಿನಾ ರಾತ್ರಿ ಒಂದು ಆಸ್ಪಿರಿನ್ ಮಾತ್ರೆ. ಆರನೇ ತಿಂಗಳಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದರು. ಶುಗರ್ 140ರ ಒಳಗೆ ಇರಬೇಕಿತ್ತು, ಬಂದದ್ದು 152. ಸಿಹಿ ನಿಂತಿತು, ಅನ್ನ ಅಳತೆಗೆ ಬಂತು, ಊಟ ಆದ ಮೇಲೆ ನಡಿಗೆ.

ಇದೆಲ್ಲ ಮಾಡಬಹುದು. ಮಗಳಿಗೆ ಹೇಳೋದೇ ಕಷ್ಟವಾಗಿತ್ತು. ಎಂಟನೇ ಕ್ಲಾಸಿನ ಹುಡುಗಿ, ಸ್ಕೂಲಲ್ಲಿ ಏನಂತಾರೋ ಅಂತ ನನಗೆ ಸಂಕೋಚ. ಹೇಳಿದ ಮೇಲೆ ಎರಡು ದಿನ ಅವಳು ಮಾತೇ ಆಡಲಿಲ್ಲ. ಮೂರನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, "ನಿನಗೇನೂ ಆಗಲ್ಲ ತಾನೇ ಅಮ್ಮ?" ಅಂದಳು. ನಾಚಿಕೆ ಅಂದುಕೊಂಡಿದ್ದೆ ನಾನು. ಮಗು ಹೆದರಿತ್ತು.

ನೋವು ಶುರುವಾದದ್ದು ಬೆಳಗಿನ ಜಾವ ಮೂರಕ್ಕೆ. ಇವರು ಗಾಡಿಗೆ ಫೋನ್ ಮಾಡುತ್ತಿದ್ದರೆ, ಅವಳು ಗಣಿತದ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ನೋವು ಬಂದ ಟೈಮ್ ಬರೆಯುತ್ತಾ ಕೂತಿದ್ದಳು. 3.10, 3.22, 3.31. ಆಸ್ಪತ್ರೆಯಲ್ಲಿ ಸಿಸ್ಟರ್ ಅದನ್ನೇ ನೋಡಿ ಬರೆದುಕೊಂಡರು.

ಬೇಗ ಆಗಲಿಲ್ಲ. ಸಂಜೆ ಆರೂವರೆವರೆಗೂ ಆಯಿತು. ನೋವು ಹೇಗಿರುತ್ತೆ ಅಂತ ಗೊತ್ತು ಅಂದುಕೊಂಡಿದ್ದೆ, ಒಂದೂ ನೆನಪಿರಲಿಲ್ಲ, ಯಾವಾಗ ಮುಕ್ಕಬೇಕು, ಯಾವಾಗ ಸುಮ್ನೆ ಉಸಿರು ಬಿಡಬೇಕು ಅನ್ನೋದನ್ನೂ ಸಿಸ್ಟರ್ ಮೊದಲಿಂದ ಹೇಳಿಕೊಡಬೇಕಾಯಿತು. ಗಂಡು ಮಗು, 2 ಕೆಜಿ 900 ಗ್ರಾಂ. ಹೊಲಿಗೆ ಹಾಕುವಾಗ ಅವನ ಅಳು ಕೇಳುತ್ತಾ ನಾನೂ ಅಳುತ್ತಿದ್ದೆ.

ಆ 13 ವರ್ಷ ನನಗೊಬ್ಬಳಿಗೇ ಆಗಿರಲಿಲ್ಲ ಅಂತ ಗೊತ್ತಾದದ್ದು ಬಾಣಂತನದಲ್ಲಿ. ಆಗ ಅಮ್ಮ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹುಯ್ಯುತ್ತಿದ್ದಳು. ಈಗ ಅವಳಿಗೆ ಮಂಡಿನೋವು, ನೆಲಕ್ಕೆ ಕೂತರೆ ಏಳಲಾಗಲ್ಲ. ಹಾಗಾಗಿ ಸ್ಟೂಲ್ ಮೇಲೆ ಕೂತು ನೀರಿನ ಹದ ನೋಡುತ್ತಾಳೆ. ಕಾಲು ಚಾಚಿ ಕೂರೋದು ನಮ್ಮ ದೊಡ್ಡವಳು. "ಕತ್ತು ಹಿಡ್ಕೋ ಪುಟ್ಟಿ, ಕತ್ತು" ಅಂತ ಅಮ್ಮ ಹೇಳುತ್ತಲೇ ಇರುತ್ತಾಳೆ.