ಅವ್ವನ ಎರಡು ಹೆರಿಗೆ, ನನ್ನ ಒಂದು ಹಾಳೆ

ಗದಗ, 14 ನವೆಂಬರ್ 2024, ಗುರುವಾರ

ಹೆರಿಗೆಯ ಸಮಯದಲ್ಲಿ ಏನು ಬೇಕು, ಏನು ಬೇಡ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತರುವಂತೆ ಡಾಕ್ಟರು ಹೇಳಿದ್ದರು. ಇಂದು ಬರೆಯಲು ಕುಳಿತಾಗ ತಿಳಿದದ್ದೇನೆಂದರೆ, ನನ್ನವೆಂದುಕೊಂಡಿದ್ದ ಬೇಕು ಬೇಡಗಳಲ್ಲಿ ಬಹುಪಾಲು ಅವ್ವನವು.

ನಾನು ಹುಟ್ಟಿದ್ದು 1995ರಲ್ಲಿ, ರೋಣ ತಾಲ್ಲೂಕಿನ ನಮ್ಮ ಅಜ್ಜಿಯ ಮನೆಯಲ್ಲಿ. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. 108 ಆಂಬುಲೆನ್ಸ್ ಬರಲು ಹದಿಮೂರು ವರ್ಷ ಬಾಕಿಯಿತ್ತು. ಜಂತಿಗೆ ಕಟ್ಟಿದ ಹಗ್ಗವನ್ನು ಹಿಡಿದು ಅವ್ವ ಮಂಡಿಯೂರಿದ್ದಳಂತೆ. ಸೂಲಗಿತ್ತಿ ಹಿಂದಿನಿಂದ ಸೊಂಟ ಒತ್ತುತ್ತಿದ್ದರೆ, ಅಜ್ಜಿ ಎದುರಿಗೆ ಕುಳಿತು ಮುಖದ ಬೆವರು ಒರೆಸುತ್ತಿದ್ದಳಂತೆ. ಕೂಸು ಸಲೀಸಾಗಿ ಬಂತು, ಆದರೆ ಮಾಸು ಬೀಳಲು ತಡವಾಯಿತು, ರಕ್ತ ವಿಪರೀತ ಹೋಯಿತು. ಎಚ್ಚರ ತಪ್ಪಿದ್ದ ಸೊಸೆಯನ್ನು ನೋಡಿ ಚಕ್ಕಡಿ ಹೂಡಿಸಲು ಓಡಿದ ನಮ್ಮ ಮುತ್ಯಾ ಅರ್ಧ ದಾರಿಯಿಂದ ಮರಳಿದ್ದು, ರಕ್ತ ನಿಂತಿತೆಂಬ ಸುದ್ದಿ ಕೇಳಿ.

ತಮ್ಮ ಹುಟ್ಟಿದ್ದು 1998ರಲ್ಲಿ, ದೊಡ್ಡ ಆಸ್ಪತ್ರೆಯೊಂದರಲ್ಲಿ. ಅಲ್ಲಿ ಅಜ್ಜಿಯನ್ನು ಬಾಗಿಲಲ್ಲೇ ತಡೆದರು, ಅವ್ವನನ್ನು ಅಂಗಾತ ಮಲಗಿಸಿದರು, ಒಂದು ಮಾತೂ ಹೇಳದೆ ಮಗು ಬರುವ ದಾರಿಯನ್ನು ಕೊಯ್ದು ಹೊಲಿಗೆ ಹಾಕಿದರು. ರಕ್ತಸ್ರಾವವಾಗಲಿಲ್ಲ, ತಾಯಿ ಮಗು ಇಬ್ಬರೂ ಕ್ಷೇಮವಾಗಿದ್ದರು.

ವಿಚಿತ್ರವೆಂದರೆ, ಸಾವಿನ ಬಾಯಿಗೆ ಹೋಗಿ ಬಂದ ಮೊದಲ ಹೆರಿಗೆಯನ್ನು ಅವ್ವ ಇಂದಿಗೂ ನಗುತ್ತಲೇ ಹೇಳುತ್ತಾಳೆ. ಏನೂ ಕೆಡದ ಎರಡನೆಯದರ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಒಂದರಲ್ಲಿ ಜೊತೆಗೆ ಜನರಿದ್ದರು, ಇನ್ನೊಂದರಲ್ಲಿ ಔಷಧವಿತ್ತು. ನೆನಪಿನಲ್ಲಿ ಉಳಿದದ್ದು ಜನ. ನನಗೆ ಆಕೆ ಕೊಡುತ್ತ ಬಂದ ಬುದ್ಧಿಮಾತೂ ಅಲ್ಲಿಂದಲೇ ಹುಟ್ಟಿದ್ದು: "ಬ್ಯಾನಿ ಸುರು ಆತಂದ ಕೂಡ್ಲೆ ಓಡಬ್ಯಾಡ, ದವಾಖಾನಿಗೆ ಆದಷ್ಟು ತಡಾ ಮಾಡಿ ಹೋಗು."

ಈ ಮಾತನ್ನು ಹಾಳೆಯ ಮೊದಲ ಸಾಲಾಗಿ ಬರೆಯಲಿದ್ದೆ. ಆದರೆ ಕಳೆದ ಭೇಟಿಯಲ್ಲಿ ಅವ್ವನ ರಕ್ತಸ್ರಾವದ ಕಥೆ ಕೇಳಿದ ಡಾಕ್ಟರು ಅದನ್ನು ತಾಯಿ ಕಾರ್ಡಿನಲ್ಲೇ ಗುರುತು ಹಾಕಿಕೊಂಡರು. ನನ್ನ ಹಿಮೋಗ್ಲೋಬಿನ್ 9.8 ಇತ್ತು, ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆಯೇ, ಅಂಥವರು ಸ್ವಲ್ಪ ರಕ್ತ ಹೋದರೂ ಬೇಗ ಕುಸಿಯುತ್ತಾರೆ. ಮಗು ಹುಟ್ಟಿದ ಕೂಡಲೇ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಬಿಗಿಯಾಗಿಸಿ ರಕ್ತವನ್ನು ತಡೆಯುತ್ತದೆ ಎಂದು ವಿವರಿಸಿ, ನೀರು ಹೋದರೆ, ರಕ್ತ ಕಂಡರೆ ಅಥವಾ ಮಗುವಿನ ಓಡಾಟ ಕಡಿಮೆಯಾದರೆ ಬೇನೆಗಾಗಿ ಕಾಯದೆ ಬರಬೇಕು ಎಂದರು. ಸೂಲಗಿತ್ತಿಯ ಕೈಗಳಲ್ಲಿ ಎಷ್ಟು ಅಕ್ಕರೆಯಿದ್ದರೂ ಆ ಚುಚ್ಚುಮದ್ದು ಇರಲಿಲ್ಲ. ಹೀಗಾಗಿ ಅವ್ವನ ಬುದ್ಧಿಮಾತು ಹಾಳೆಗೆ ಬರಲಿಲ್ಲ.

ಅವಳ ಸಿಟ್ಟು ಮಾತ್ರ ಬಂದಿದೆ, ಪೂರ್ತಿಯಾಗಿ. ಅದು ಬರೀ ಹಳ್ಳಿಯ ಹೆಂಗಸಿನ ಗೊಣಗಾಟವಲ್ಲ: ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳೂ ಗರ್ಭಿಣಿ ತಾನು ಬಯಸಿದವರನ್ನು ಜೊತೆಗಿರಿಸಿಕೊಳ್ಳಬೇಕು, ಬೇನೆಯ ಹೊತ್ತಿನಲ್ಲಿ ಓಡಾಡಬೇಕು, ಎಲ್ಲರಿಗೂ ರೂಢಿಯಂತೆ ಕೊಯ್ಯುವುದು ಸಲ್ಲದು ಎನ್ನುತ್ತವೆ. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮವೂ ಸರ್ಕಾರಿ ಹೆರಿಗೆ ಕೋಣೆಯಲ್ಲಿ ಜೊತೆಗಾರ್ತಿಗೆ ಜಾಗ ಕೊಡುತ್ತದೆ. ಕೊಯ್ಯುವ ವಿಷಯದ ಸಾಲನ್ನು ಅವ್ವನೇ ಹೇಳಿ ಬರೆಸಿದಳು: "ಕೊಯ್ಯೂದ ಇದ್ರ ಮೊದಲ ಹೇಳ್ರಿ, ಯಾಕಂತನೂ ಹೇಳ್ರಿ." ನಾನು ಅದನ್ನು ಗ್ರಾಂಥಿಕಕ್ಕೆ ತಿದ್ದಲಿಲ್ಲ.

ಜೊತೆಗಾರ್ತಿಯ ಸಾಲಿನಲ್ಲಿ ಅವ್ವನ ಹೆಸರು ಬರೆಯಹೋದಾಗ ಆಕೆ ನನ್ನ ಕೈ ಹಿಡಿದಳು. "ನನಗ ಆಗೂದಿಲ್ಲ ಬೇ, ನೀ ಒದರಿದ್ರ ನಾನ ಮೊದಲ ಅತ್ತಬಿಡ್ತೀನಿ. ಬಾಣಂತನ ಎಷ್ಟ ತಿಂಗಳಾರ ಮಾಡ್ತೀನಿ, ಒಳಗ ಮಾತ್ರ ನಿಮ್ಮ ಚಿಗವ್ವ ಇರ್ಲಿ." ಹಾವೇರಿ ಕಡೆಯ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಚಿಗವ್ವ ಊರಿನ ಎಷ್ಟೋ ಬಸುರಿಯರನ್ನು ಹೆರಿಗೆ ಕೋಣೆಯವರೆಗೆ ಕರೆದೊಯ್ದವಳು, ಅಲ್ಲಿಯ ದನಿ ವಾಸನೆಗಳಿಗೆ ಹೆದರುವವಳಲ್ಲ. ಫೋನು ಮಾಡಿದೆ, ರಜೆ ಹಾಕುವುದಾಗಿ ಹೇಳಿದಳು, ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುತ್ತೀಯಾ ಎಂದು ಬೈದಳು. ಸೋಮವಾರ ಈ ಹಾಳೆಯನ್ನು ಡಾಕ್ಟರಿಗೆ ತೋರಿಸಬೇಕು.