8085 ಕಿಟ್ ರಿಪೇರಿ: ಸಾಕೆಟ್‌ನೊಳಗೆ ಉಳಿದ ಮುರಿದ ಕಾಲು

ಗುಜರಿ ಅಂಗಡಿಯಿಂದ ತಂದ 8085 ಟ್ರೈನರ್ ಕಿಟ್‌ನ (8085 ಮೈಕ್ರೋಪ್ರೊಸೆಸರ್ ಕಲಿಯಲು ಬಳಸುವ ಬೋರ್ಡ್) ಕೆಲಸ ಈ ಸಲ ಪೂರ್ತಿ ಒಂದೇ ತೂತಿನ ಸುತ್ತ ನಡೆಯಿತು. ಇಪ್ರಾಮ್ (ಕರೆಂಟ್ ಹೋದರೂ ಪ್ರೋಗ್ರಾಂ ಉಳಿಸಿಕೊಳ್ಳುವ ಮೆಮೊರಿ ಐಸಿ) ಕೂರುವ ಸಾಕೆಟ್‌ನ 15ನೇ ತೂತು. ಅದರೊಳಗೆ ಐಸಿಯ ಕಾಲು ಮುರಿದು ಸಿಕ್ಕಿಕೊಂಡಿತ್ತು. ಈಗ ಹೊರಗೆ ಬಂದಿದೆ, ಸಾಕೆಟ್‌ಗೂ ಏನೂ ಆಗಿಲ್ಲ. ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಹಳೇ ಬೋರ್ಡ್ ರಿಪೇರಿ ಮಾಡುವವರಿಗೆ ಇದು ಎಂದಾದರೂ ಎದುರಾಗುವ ತೊಂದರೆ.

ಇಂಜಿನಿಯರಿಂಗ್ ಕಾಲೇಜಿನ ಮೈಕ್ರೋಪ್ರೊಸೆಸರ್ ಲ್ಯಾಬ್‌ನಲ್ಲಿ ಕೂತವರಿಗೆ ಈ ಕಿಟ್ ಗೊತ್ತಿರುತ್ತದೆ. 1976ರಲ್ಲಿ ಇಂಟೆಲ್ ತಂದ 8085, ಕೀಲಿ ಮತ್ತು ಡಿಸ್‌ಪ್ಲೇ ನೋಡಿಕೊಳ್ಳಲು 8279, ಪೋರ್ಟ್‌ಗಳಿಗೆ 8255, ರ‍್ಯಾಮ್‌ಗೆ 6264. ಇವೆಲ್ಲ ಬೇರೆ ಕಡೆ ಹುಡುಕಿದರೂ ಸಿಗುತ್ತವೆ. ಸಿಗದೇ ಇರುವುದು 2764 ಇಪ್ರಾಮ್ ಒಳಗಿನ ಮಾನಿಟರ್ ಪ್ರೋಗ್ರಾಂ, ಅಂದರೆ ಕಿಟ್ ಅನ್ನು ನಡೆಸುವ ಪ್ರೋಗ್ರಾಂ. ಕಿಟ್ ಆನ್ ಆದ ತಕ್ಷಣ 8085 ವಿಳಾಸ 0000ದಿಂದ ಓದಲು ಶುರು ಮಾಡುತ್ತದೆ, ಅಲ್ಲಿರುವುದೇ ಈ ಪ್ರೋಗ್ರಾಂ. ಅದಿಲ್ಲದಿದ್ದರೆ ಇಡೀ ಬೋರ್ಡ್ ಬರೀ ಹಲಗೆ. ನನ್ನ ಕಿಟ್ ತಯಾರಾದ ಕಾಲದ ಕೈಪಿಡಿಯೂ ಇಲ್ಲ, ಪ್ರೋಗ್ರಾಂನ ಬ್ಯಾಕಪ್ಪೂ ಇಲ್ಲ. ಹಾಗಾಗಿ ಇಪ್ರಾಮ್ ಬಿಚ್ಚಿ, ಅದರಲ್ಲಿರುವುದನ್ನು ಮೊದಲು ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕಿತ್ತು.

ಈ ಬೋರ್ಡ್‌ನಲ್ಲಿ ರ‍್ಯಾಮ್‌ನ ನೆನಪು ಉಳಿಸಲು 3.6 ವೋಲ್ಟ್‌ನ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಇತ್ತು. ಅದು ಯಾವತ್ತೋ ಸೋರಿದೆ. ಬ್ಯಾಟರಿ ತೆಗೆದು, ವಿನೆಗರ್ ಒರೆಸಿ, ನೀರಲ್ಲಿ ತೊಳೆದು, ಒಣಗಿಸಿ ಆಗಿತ್ತು. ಆದರೆ ಇಪ್ರಾಮ್‌ನ ಬ್ಯಾಟರಿ ಕಡೆಯ ಮೂಲೆಯಲ್ಲಿ ಕಿಲುಬು ಕೂತಿತ್ತು. 15ನೇ ಕಾಲು ಅರ್ಧ ತಿಂದುಹೋಗಿತ್ತು. ಐಸಿಯನ್ನು ಎರಡೂ ತುದಿಯಿಂದ ಕೂದಲೆಳೆಯಷ್ಟೇ ಎತ್ತುತ್ತಾ ಬಂದೆ. ಉಳಿದ 27 ಕಾಲು ಮೇಲೆ ಬಂದವು, ಇದೊಂದು ತನ್ನ ಜಾಗ ಬಿಡಲಿಲ್ಲ. ಅಗಲವಾದ ಭುಜದ ಭಾಗ ಐಸಿಯಲ್ಲಿ ಉಳಿಯಿತು, ಕೆಳಗಿನ ಸಣ್ಣ ಭಾಗ ಸಾಕೆಟ್‌ನಲ್ಲಿ.

15ನೇ ಕಾಲು ಅಂದರೆ ಡಿ3, ಎಂಟು ಡೇಟಾ ಗೆರೆಗಳಲ್ಲಿ ಒಂದು. ಒಂದು ಗೆರೆ ತಾನೇ ಅನ್ನುವ ಹಾಗಿಲ್ಲ. ಆ ಬಿಟ್ ಸೊನ್ನೆಯಾಗಿ ಕೂತರೆ ಸಿ9 ಅನ್ನುವ ಆದೇಶದ ಕೋಡ್ ಹೋಗಿ ಸಿ1 ಆಗುತ್ತದೆ. ಅಂದರೆ ಸಬ್‌ರೂಟೀನ್‌ನಿಂದ ವಾಪಸ್ ಬರಬೇಕಾದ ಕಡೆ 8085 ಸ್ಟ್ಯಾಕ್‌ನಿಂದ ಬಿ-ಸಿ ರಿಜಿಸ್ಟರ್ ಜೋಡಿಗೆ ಏನನ್ನೋ ತುಂಬಿಕೊಂಡು ಮುಂದೆ ಹೋಗುತ್ತದೆ. ಪ್ರೋಗ್ರಾಂ ಅಲ್ಲೇ ದಾರಿ ತಪ್ಪಿತು.

ಸರಿ, ತೂತಿನೊಳಗಿನ ಚೂರು. ಸುಮಾರು 3 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್‌ಗಿಂತ ಕಮ್ಮಿ ಅಗಲ, ದಪ್ಪ ಕಾಲು ಮಿಲಿಮೀಟರ್. ಪ್ಲಾಸ್ಟಿಕ್‌ನ ಮಟ್ಟಕ್ಕಿಂತ ಕೆಳಗೇ ಮುರಿದಿದ್ದರಿಂದ ಚಿಮುಟಕ್ಕೆ ಹಿಡಿಯಲು ಏನೂ ಇಲ್ಲ. ಇಂಥ ಕಡೆ ಜನ ಮೊದಲು ಮಾಡುವುದು ಸೂಜಿ ಹಾಕಿ ಕೆದಕುವುದು. ಅದು ಬೇಡ. ಮುರಿದ ಕಾಲು ಹೇಗೂ ಹೋಯಿತು, ಅದರ ಬಗ್ಗೆ ಚಿಂತೆ ಇಲ್ಲ. ಕಾಪಾಡಬೇಕಾಗಿರುವುದು ಅದನ್ನು ಹಿಡಿದಿರುವ ಸ್ಪ್ರಿಂಗ್ ಅನ್ನು.

ಭೂತಗನ್ನಡಿ ಹಿಡಿದು, ಟಾರ್ಚ್ ಓರೆಯಾಗಿ ಬಿಟ್ಟು ಪಕ್ಕದ ಖಾಲಿ ತೂತನ್ನು ನೋಡಿದೆ. ಒಳಗೆ ಎರಡು ತೆಳು ಲೋಹದ ಎಲೆಗಳು ಎದುರುಬದುರು ನಿಂತಿವೆ. ಒಂದು ಐಸಿಯ ಒಳಬದಿಗೆ, ಇನ್ನೊಂದು ಹೊರಬದಿಗೆ. ಕಾಲಿನ ಚಪ್ಪಟೆ ಮುಖಗಳನ್ನು ಅವು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ. ಬಟ್ಟೆ ಒಣಹಾಕುವ ಕ್ಲಿಪ್‌ನ ಹಾಗೆ: ಬಟ್ಟೆಯನ್ನು ಜಗ್ಗಿದರೆ ಬರಲ್ಲ, ಕ್ಲಿಪ್ಪನ್ನು ಅಗಲಿಸಿದರೆ ತಾನೇ ಬರುತ್ತದೆ. ಎಲ್ಲ ಸಾಕೆಟ್‌ಗಳೂ ಹೀಗಿರಲ್ಲ. ಕೆಲವು ಕಾಲಿನ ಸಣ್ಣ ಅಂಚನ್ನು ಹಿಡಿಯುತ್ತವೆ. ದುಂಡು ತೂತಿನ, ಕಡೆದು ಮಾಡಿದ ಸಾಕೆಟ್‌ನಲ್ಲಿ ನಾಲ್ಕು ಬೆರಳಿನ ಪುಟ್ಟ ಸ್ಪ್ರಿಂಗ್ ಇರುತ್ತದೆ, ಅದು ಇನ್ನೂ ಕಷ್ಟ. ಖಾಲಿ ತೂತು ನೋಡದೆ ಸೂಜಿ ಎತ್ತಿಕೊಳ್ಳಬೇಡಿ.

ಸೂಪರ್ ಗ್ಲೂ ಹಚ್ಚಿದ ತಂತಿ ಅಂಟಿಸಿ ಎಳೆಯುವ ಉಪಾಯವನ್ನು ಹಲವರು ಹೇಳುತ್ತಾರೆ. ಹೆಡ್‌ಫೋನ್ ಜ್ಯಾಕ್‌ನಂಥ ದೊಡ್ಡ ತೂತಿಗೆ ಅದು ನಡೆಯಬಹುದು. ಇಲ್ಲಿ ಗ್ಲೂ ಎಲೆಗಳ ನಡುವೆ ಇಳಿದರೆ ಸಾಕೆಟ್ಟೇ ಹೋಯಿತು. ತಂತಿಗೆ ಸೋಲ್ಡರ್ ಹಾಕಿ ಎಳೆಯುವುದಕ್ಕೂ ಅದೇ ಮಾತು. ಸಾಕೆಟ್ಟನ್ನೇ ಬದಲಾಯಿಸಬಹುದಲ್ವಾ ಅಂದರೆ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ 28 ಪಿನ್ ಸಾಕೆಟ್ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಕಿಲುಬು ಹಿಡಿದ ಹಳೇ ಬೋರ್ಡ್‌ನಲ್ಲಿ 28 ಸೋಲ್ಡರ್ ಬಿಡಿಸುವಾಗ ತಾಮ್ರದ ಗೆರೆ ಎದ್ದು ಬರುವ ಭಯ ಜಾಸ್ತಿ. ಸ್ಪ್ರಿಂಗ್ ಸತ್ತಿದ್ದರೆ ಮಾತ್ರ ಆ ಕೆಲಸಕ್ಕೆ ಕೈ ಹಾಕಬೇಕು.

ಮೊದಲು ತೂತಿಗೆ ಒಂದು ಹನಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಿಟ್ಟು ಮೆದು ಬ್ರಷ್‌ನಿಂದ ಮೇಲಿನ ಕಿಲುಬು ಒರೆಸಿದೆ. ಬಟ್ಟೆ ಹೊಲಿಯುವ ಸಣ್ಣ ಸೂಜಿಯ ತುದಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಚಪ್ಪಟೆ ಮಾಡಿಕೊಂಡೆ. ಇನ್ನೊಂದು ಸೂಜಿಯನ್ನು ಸತ್ತ ಹಾರ್ಡ್ ಡಿಸ್ಕ್‌ನಿಂದ ತೆಗೆದ ಮ್ಯಾಗ್ನೆಟ್‌ಗೆ ಒಂದೇ ದಿಕ್ಕಿನಲ್ಲಿ ಉಜ್ಜಿದೆ. ಇಂಥ ಸೆರಾಮಿಕ್ ಐಸಿಗಳ ಕಾಲು ಕಬ್ಬಿಣ ಮತ್ತು ನಿಕೆಲ್ ಸೇರಿದ ಮಿಶ್ರಲೋಹ, ಮ್ಯಾಗ್ನೆಟ್‌ಗೆ ಅಂಟುತ್ತದೆ. ಸಾಕೆಟ್‌ನ ಎಲೆ ತಾಮ್ರದ ಮಿಶ್ರಲೋಹ, ಅಂಟಲ್ಲ. ನಮಗೆ ಬೇಕಾದದ್ದೂ ಇದೇ. ಇಪ್ರಾಮ್ ಒಳಗಿರುವುದು ವಿದ್ಯುತ್ ಚಾರ್ಜ್, ಹಾಗಾಗಿ ಮ್ಯಾಗ್ನೆಟ್‌ನಿಂದ ಅದಕ್ಕೂ ಭಯವಿಲ್ಲ.

ಚಪ್ಪಟೆ ಸೂಜಿಯನ್ನು ಹೊರಬದಿಯ ಎಲೆ ಮತ್ತು ಚೂರಿನ ನಡುವೆ ನೇರವಾಗಿ ಇಳಿಸಿದೆ. ಒತ್ತಿದ್ದು ಎಲೆ ಒಂದಿಷ್ಟು ಸರಿಯುವಷ್ಟು ಮಾತ್ರ. ಜಾಸ್ತಿ ಬಗ್ಗಿಸಿದರೆ ಎಲೆ ಮತ್ತೆ ತನ್ನ ಜಾಗಕ್ಕೆ ಬರಲ್ಲ. ಚೂರು ಅಲುಗಾಡಲಿಲ್ಲ, ಕಿಲುಬು ಇನ್ನೂ ಒಳಬದಿಯ ಎಲೆಗೆ ಅಂಟಿಸಿ ಇಟ್ಟಿತ್ತು. ಇನ್ನೊಂದು ಹನಿ ಐಪಿಎ ಬಿಟ್ಟು, ಸೂಜಿಯಿಂದ ಚೂರನ್ನು ಸಾಲಿನ ಉದ್ದಕ್ಕೆ, ಆ ಕಡೆಗೆ ಈ ಕಡೆಗೆ ಮೆಲ್ಲಗೆ ತಳ್ಳಿದೆ. ಹಸಿರು ಪುಡಿ ಮೇಲೆ ಬಂತು. ಆಮೇಲೆ ಒಂದು ಸಲ ಚೂರಿನ ತಲೆ ವಾಲಿತು. ಎಲೆಯನ್ನು ಹಾಗೇ ಒತ್ತಿ ಹಿಡಿದು ಮ್ಯಾಗ್ನೆಟ್ ಸೂಜಿ ತಾಗಿಸಿದೆ. ಅದು ಪ್ಲಾಸ್ಟಿಕ್‌ನ ಮಟ್ಟಕ್ಕೆ ಏರಿತು, ಅಲ್ಲಿಂದ ಮುಂದೆ ಚಿಮುಟದ ಕೆಲಸ.

ಚೂರು ಪೂರ್ತಿ ಬಂದಿದೆಯೋ ಇಲ್ಲವೋ ತಿಳಿಯಲು ಪಕ್ಕದ ಕಾಲಿನ ಜೊತೆ ಇಟ್ಟು ಅಳೆದೆ, ಸರಿಯಿದೆ. ಸ್ಪ್ರಿಂಗ್ ಪರೀಕ್ಷೆಗೆ ಸತ್ತ ಐಸಿಯೊಂದರಿಂದ ಕತ್ತರಿಸಿದ ಕಾಲನ್ನು 15ನೇ ತೂತಿಗೆ ಹಾಕಿ ಎಳೆದೆ, ಆಮೇಲೆ 16ಕ್ಕೆ. ಹಿಡಿತ ಎರಡರಲ್ಲೂ ಒಂದೇ ಥರ ಇದೆ. ಇದಕ್ಕೆ ರೆಸಿಸ್ಟರ್ ಕಾಲು ಹಾಕಬೇಡಿ. ಅದು ದುಂಡಗೆ, ದಪ್ಪಗಿರುತ್ತದೆ, ಎಲೆಗಳು ಅಗಲವಾಗಿಬಿಡುತ್ತವೆ. ಈ ಬೋರ್ಡ್‌ನಲ್ಲಿ ಡೇಟಾ ಗೆರೆಗಳು ನೇರ ಪ್ರೊಸೆಸರ್‌ಗೆ ಹೋಗುತ್ತವೆ. 8085ರಲ್ಲಿ ಎಡಿ3 ಕೂಡ 15ನೇ ಕಾಲೇ. ಮಲ್ಟಿಮೀಟರ್ ಅಲ್ಲಿಗೊಂದು ಇಲ್ಲಿಗೊಂದು ಇಟ್ಟರೆ ಬೀಪ್ ಗಟ್ಟಿಯಾಗಿ ಬಂತು, ಕಾಲನ್ನು ಅಲುಗಾಡಿಸಿದರೂ ನಿಲ್ಲಲಿಲ್ಲ.

ಇನ್ನು ಇಪ್ರಾಮ್‌ಗೆ ಹೊಸ ಕಾಲು. ಸತ್ತ ಐಸಿಯ ಕಾಲನ್ನೇ ಬೇರೊಂದು ಸಾಕೆಟ್‌ನ 15ನೇ ತೂತಿಗೆ ನಿಲ್ಲಿಸಿ, ಅದೇ ಸಾಕೆಟ್‌ಗೆ ಇಪ್ರಾಮ್ ಕೂರಿಸಿದೆ. ಆಗ ಹೊಸ ಕಾಲು ಮುರಿದ ಭುಜಕ್ಕೆ ತಾನಾಗಿಯೇ ತಾಗಿಕೊಂಡು ನೆಟ್ಟಗೆ ನಿಲ್ಲುತ್ತದೆ. ಭುಜವನ್ನು ಹೊಳೆಯುವವರೆಗೆ ಬ್ಲೇಡಿನಿಂದ ಕೆರೆದು, ಫ್ಲಕ್ಸ್ ಹಚ್ಚಿ, 60/40 ಸೋಲ್ಡರ್‌ನಿಂದ ಚಕ್ಕನೆ ಮುಟ್ಟಿಸಿ ಬಿಟ್ಟೆ. ಕಾಲು ಹೊರಬರುವ ಕಡೆ ಸೆರಾಮಿಕ್ ತಟ್ಟೆಗಳ ನಡುವೆ ಗಾಜಿನ ಸೀಲ್ ಇರುತ್ತದೆ, ಬಿಸಿ ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಕಿಟಕಿಯ ಮೇಲಿನ ಸ್ಟಿಕ್ಕರ್ ಮುಟ್ಟಿಲ್ಲ. ಹಳೇ ಬರಹ ಅಳಿಸುವುದು ಆ ಕಿಟಕಿಯಿಂದ ಒಳಹೋಗುವ ನೇರಳಾತೀತ ಬೆಳಕೇ.

ಪ್ರೋಗ್ರಾಮರ್‌ನಲ್ಲಿ (ಇಪ್ರಾಮ್ ಓದಿ ಬರೆಯುವ ಸಾಧನ) ಇಟ್ಟು 8192 ಬೈಟ್ ಓದಿದೆ. ಪದೇ ಪದೇ ಓದಿ ಹೋಲಿಸಿದರೂ ಒಂದೇ ಬಂತು, ಡಿ3 ಬಿಟ್‌ನಲ್ಲಿ ಸೊನ್ನೆಯೂ ಇದೆ, ಒಂದೂ ಇದೆ. ಫೈಲ್ ಈಗ ಎರಡು ಕಡೆ ಭದ್ರವಾಗಿದೆ. ಮನಸ್ಸು ಹಗುರವಾಯಿತು. ಇಷ್ಟು ಹಳೇ ಇಪ್ರಾಮ್‌ನ ಚಾರ್ಜ್ ಇನ್ನೆಷ್ಟು ವರ್ಷ ನಿಲ್ಲುತ್ತದೋ ಅಂತ ಕಾಯುವ ಹಾಗಿಲ್ಲ ಅಲ್ವಾ. ಹೊಸ 2764 ಒಂದಕ್ಕೆ ಅದನ್ನೇ ಬರೆದು, ದಿನಬಳಕೆಗೆ ಅದನ್ನು ಹಾಕುತ್ತೇನೆ. ಮೂಲ ಐಸಿ ಡಬ್ಬಿಯಲ್ಲಿರುತ್ತದೆ.

ಐದು ವೋಲ್ಟ್ ಕೊಟ್ಟು ರಿಸೆಟ್ ಒತ್ತಿದಾಗ ಡಿಸ್‌ಪ್ಲೇ ಹತ್ತಿತು. ವಿಳಾಸ ಹಾಕಲು ಹೋದರೆ 8, 9, ಎ, ಬಿ ಈ ನಾಲ್ಕು ಕೀಲಿಗಳು ಮಾತ್ರ ಕೆಲಸ ಮಾಡುತ್ತಿಲ್ಲ. ನಾಲ್ಕೂ ಒಂದೇ ಸಾಲು, ಹಾಗಾಗಿ 8279ರಿಂದ ಆ ಸಾಲಿಗೆ ಬರುವ ಗೆರೆಯ ಮೇಲೆ ಅನುಮಾನ. ಆ ಗೆರೆ ಬ್ಯಾಟರಿ ಇದ್ದ ಜಾಗದ ಕೆಳಗೇ ಹಾಯ್ದು ಹೋಗುತ್ತದೆ. ಮುಂದೆ ಅಲ್ಲಿನ ಹಸಿರು ಲೇಪ ಕೆರೆದು ನೋಡಬೇಕು.